ಪರದೇಶವನ್ನು ಮರಳಿ ಕಾಣುವುದು



ಪರದೇಶವೆಂದೊಡನೆ ನಮಗೆ ಕಡಲಾಚೆಯ ನಾಡುಗಳು ನೆನಪಿಗೆ ಬರುತ್ತವೆ. ನಮ್ಮ ನಾಡೂ ಒಂದು ಕಾಲಕ್ಕೆ ಇಂಗ್ಲಿಷರಿಗೆ ಅಂಥ ಪರದೇಶವೇ ಆಗಿದ್ದಿತು. ಅವರು ಅದನ್ನು ಅರಿಯಲು ಮರಳಿ ಮರಳಿ ಬರಬೇಕಾಯಿತು. ಬಂದಾಗಲೆಲ್ಲ ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣಗಳ ಸೀಮೆಯನ್ನು ಹಾದರು.

1791ನೆಯ ಇಸವಿಯ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟದ್ದು ಕಾನಕಾನಹಳ್ಳಿಯ ದಾರಿಯಾಗಿ. ಇಂದಿನ ಕನಕಪುರವೇ ಅಂದಿನ ಕಾನಕಾನಹಳ್ಳಿ. ಶತ್ರುವಿಗೆ ಹಿಡಿ ಹುಲ್ಲೂ ದೊರೆಯಬಾರದೆಂದು ಟಿಪ್ಪು ಸುಲ್ತಾನನು ಆ ಸೀಮೆಯನ್ನು ಹಾಳುಗೆಡವಿಸಿದ್ದನು. ಅರಕೆರೆಯ ಬಳಿ ಗೆಲವು ದೊರೆತರೂ ಫಲವಾಗಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತವು, ಮಳೆ ಹಿಡಿಯಿತು. ಕೋಟೆಯೊಡೆಯಲು ತಂದಿದ್ದ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಕಾರ್ನ್‌ವಾಲಿಸನು ಹಿಂದಿರುಗಿದನು.

ಅದೇ ವರ್ಷದ ಡಿಸೆಂಬರಿನಲ್ಲಿ ಅವನ ದಂಡು ಮತ್ತೆ ಹೊರಟಿತು. ಈ ಸಲ ಮೊದಲು ದಾರಿಯ ದುರ್ಗಗಳನ್ನು ಹಿಡಿಯಿತು. ಮಾಗಡಿಯ ಸಾವನದುರ್ಗವು ಡಿಸೆಂಬರ್ 21ರಂದು ಬಿದ್ದಿತು. ಅದರ ಬೆನ್ನಿಗೆ ರಾಮಗಿರಿ. ಎರಡನೆಯ ಬರವಿನಿಂದ ಸೇನಾಪತಿಯು ಕಲಿತದ್ದು ಬಹಳ. ಆದರೆ ಕಲಿತದ್ದೆಲ್ಲವೂ ದಾರಿ, ನೀರು, ಮೇವು, ಕೋಟೆಗಳ ವಿಚಾರ. ಸುಟ್ಟ ಊರಿನವರು ಎಲ್ಲಿಗೆ ಹೋದರು, ಏನನ್ನು ಉಂಡರು ಎಂಬುದು ದಂಡಿಗೆ ಬೇಕಾದ ವಿಷಯವಲ್ಲ.

ಆ ಬಗೆಯ ವಿಚಾರಣೆಗೆಂದೇ ಒಬ್ಬನು ಬಂದದ್ದು 1800ರಲ್ಲಿ, ಟಿಪ್ಪು ಮಡಿದ ಮರುವರ್ಷ. ಗವರ್ನರ್ ಜನರಲ್ ವೆಲ್ಲೆಸ್ಲಿಯು ಕಳುಹಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಈ ಬೆಟ್ಟಗಾಡಿನಲ್ಲಿ ಸುತ್ತಿದನು. ನೇಗಿಲು ಎಂಥದು, ರಾಗಿಯನ್ನು ಹೇಗೆ ಬಿತ್ತುವರು, ಕಂದಾಯವೆಷ್ಟು, ಯಾವ ಜಾತಿಯವರ ಕಟ್ಟುಪಾಡು ಏನು, ಮಾಗಡಿಯ ಕಡೆ ಕಬ್ಬಿಣವನ್ನು ಹೇಗೆ ಕರಗಿಸುವರು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿಯನ್ನು ಹೇಗೆ ಎಳೆಯುವರು, ಇವೆಲ್ಲವನ್ನೂ ಕೇಳಿ ಬರೆದುಕೊಂಡನು. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಜಿಲ್ಲೆಗಳ ಚರಿತ್ರೆಯನ್ನು ಬರೆಯುವವರು ಈಗಲೂ ಅದನ್ನು ತೆರೆಯದೆ ಮುಂದುವರಿಯಲಾರರು. ನಮ್ಮೂರ ಸಂಗತಿಯನ್ನು ಪರರ ಪುಸ್ತಕದಲ್ಲಿ ಹುಡುಕಬೇಕಾಗಿರುವುದು ಅಷ್ಟೇನೂ ಹೆಮ್ಮೆಯ ಮಾತಲ್ಲವೆಂಬುದು ಬೇರೆ.

ಆದರೆ ಈ ಗ್ರಂಥವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬುಕಾನನ್ನನು ಗೆದ್ದವರ ಕಡೆಯವನು. ಕುಂಪಣಿಗೆ ಈ ನಾಡಿನಿಂದ ಏನು ಲಾಭವೆಂಬುದೂ ಅವನು ತಿಳಿಯಬೇಕಾಗಿದ್ದ ವಿಷಯ. ಮಾತು ದುಭಾಷಿಗಳ ಮೂಲಕ ನಡೆಯಿತು. ಸುಲ್ತಾನನ ರಾಜ್ಯಭಾರ ಹೇಗಿತ್ತೆಂದು ಇಂಥವನು ಕೇಳಿದಾಗ, ಹೊಸ ಸರ್ಕಾರಕ್ಕೆ ಕಂದಾಯ ತೆರಬೇಕಾದ ರೈತನು ಏನು ತಾನೇ ಹೇಳಿಯಾನು? ಹಿಂದಿನವರನ್ನು ಹೊಗಳಿ ಕಷ್ಟಕ್ಕೆ ಸಿಲುಕುವಷ್ಟು ದಡ್ಡನಲ್ಲ ನಮ್ಮ ರೈತ. ಆ ದೂರುಗಳೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ. ಊರನ್ನು ಸುಟ್ಟ ದೊರೆಯ ಮೇಲೆ ಕಾನಕಾನಹಳ್ಳಿಯವರಿಗೆ ಪ್ರೀತಿಯಿರಲು ಕಾರಣವಿಲ್ಲ. ಯಾರ ಮುಂದೆ ಆಡಿದ ಮಾತೆಂಬುದನ್ನು ನೋಡಿಕೊಂಡು ಓದಬೇಕು, ಅಷ್ಟೆ.

ಕಬ್ಬಿಣದ ಕುಲುಮೆಯ ಮುಂದೆ ಕುಳಿತವನಿಗೆ ಈ ಅಂಜಿಕೆಯಿರಲಿಲ್ಲ. ಕುಲುಮೆ, ತಂತಿ, ರಾಗಿ, ನೇಗಿಲುಗಳ ವಿಷಯದಲ್ಲಿ ಬುಕಾನನ್ನನ ಮಾತನ್ನು ನಾವು ಪೂರ್ತಿಯಾಗಿ ನಂಬುತ್ತೇವೆ. ಸುಲ್ತಾನನ ವಿಷಯದಲ್ಲಿ ಅರ್ಧ.