ಅಜ್ಜಿಯ ಬೆಳ್ಳಿ ರೂಪಾಯಿ: ತೊಳೆಯುವ ಮುನ್ನ ನೋಡಿ



ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯಿಂದ ಒಂದು ಪುಟ್ಟ ಗಂಟು ಹೊರಬರುತ್ತದೆ. ಒಳಗೆ ಐದೋ ಹತ್ತೋ ಬೆಳ್ಳಿ ರೂಪಾಯಿ. ವಿಕ್ಟೋರಿಯಾ ರಾಣಿಯದು, ಎಡ್ವರ್ಡ್ ದೊರೆಯದು, ಐದನೇ ಜಾರ್ಜ್‌ನದು. ಕಪ್ಪು ಹಿಡಿದಿವೆಯೆಂದು ಮನೆಯಾಕೆ ಹುಣಸೆಹಣ್ಣು ಕಿವುಚಿ, ಮೇಲಿಷ್ಟು ಸಬೀನಾ ಉದುರಿಸಿ ಉಜ್ಜುತ್ತಾಳೆ. ನಾಣ್ಯ ಫಳಫಳ ಹೊಳೆಯುತ್ತದೆ. ಸಂಗ್ರಾಹಕನ ಲೆಕ್ಕದಲ್ಲಿ ಮಾತ್ರ ಆ ಐದು ನಿಮಿಷದಲ್ಲಿ ಅದರ ಬೆಲೆಯ ದೊಡ್ಡ ಪಾಲು ಬಚ್ಚಲಿಗೆ ಹೋಗಿರುತ್ತದೆ. ಹೆಸರಿನಲ್ಲೇ ಹುಣಸೆಯನ್ನು ಇಟ್ಟುಕೊಂಡ ಊರಿನಲ್ಲಿ ನಿಂತು ಹುಣಸೆಯನ್ನು ದೂರುವುದು ಸ್ವಲ್ಪ ಕಷ್ಟವೇ.

ಮೈಸೂರು ಅರಸರ ಸೀಮೆಯಲ್ಲಿ ಇಂಗ್ಲೆಂಡಿನ ರಾಣಿಯ ರೂಪಾಯಿ ಇಷ್ಟೊಂದು ಏಕೆ? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ತನ್ನದೇ ಟಂಕಸಾಲೆ ಇತ್ತು. 1843ರ ಹೊತ್ತಿಗೆ ಅದು ನಿಂತಿತು. ಆಮೇಲೆ ಚಲಾವಣೆಯಲ್ಲಿ ಉಳಿದದ್ದು 1835ರಲ್ಲಿ ಆರಂಭವಾದ ಏಕರೂಪದ ಕಂಪನಿ ರೂಪಾಯಿ, ಅದರ ಬೆನ್ನಿಗೆ 1862ರಿಂದ ರಾಣಿಯ ರೂಪಾಯಿ. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, ನೂರಕ್ಕೆ 91.7 ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ನಿಕ್ಕಲ್ ಬಂತು. ಹೀಗಾಗಿ ಹಳೆಯ ರೂಪಾಯಿ ಗಂಟಿನೊಳಗೇ ಉಳಿಯಿತು.

ಸಾಮಾನ್ಯ ಇಸವಿಯ ಸವಕಲು ರೂಪಾಯಿಗೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗದು. ಅದೇ ಇಸವಿಯದು ಟಂಕಸಾಲೆಯಿಂದ ಈಗಷ್ಟೇ ಬಂದಂತಿದ್ದರೆ ಬೆಲೆ ಹಲವು ಪಟ್ಟು. ಈ ಅಂತರವನ್ನು ಅಳೆಯಲು ಗ್ರೇಡಿಂಗ್ ಸಂಸ್ಥೆಗಳಿವೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ ಒಂದರಿಂದ ಎಪ್ಪತ್ತರ ಅಳತೆಗೋಲೇ ಇಂದಿಗೂ ಅವುಗಳಿಗೆ ಆಧಾರ. ಆದರೆ ಸಾಧಾರಣ ನಾಣ್ಯಕ್ಕೆ ಗ್ರೇಡಿಂಗ್ ಶುಲ್ಕವೇ ನಾಣ್ಯದ ಬೆಲೆಯನ್ನು ಮೀರಬಹುದು. ಆದ್ದರಿಂದ ಮೊದಲ ಪರೀಕ್ಷೆ ಮನೆಯಲ್ಲೇ ಆಗಬೇಕು.

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ. ನಾಣ್ಯದ ಅಂಚನ್ನು ಮಾತ್ರ ಹಿಡಿಯಿರಿ. ಮುಖಕ್ಕೆ ಬೆರಳು ತಗುಲಿದರೆ ಬೆವರಿನ ಗುರುತು ಉಳಿದೀತು. ಒಂದೇ ಒಂದು ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿ ತಿರುಗಿಸಿ. ಚಲಾವಣೆ ಕಾಣದ ನಾಣ್ಯದಲ್ಲಿ ಬೆಳಕು ಗಾಡಿ ಚಕ್ರದ ಅರೆಗಳಂತೆ ಸುತ್ತುತ್ತದೆ. ಸವೆತ ಮೊದಲು ತಾಗುವುದು ಎತ್ತರದ ಭಾಗಕ್ಕೆ. ರಾಣಿಯ ರೂಪಾಯಿಯಲ್ಲಿ ಕಿರೀಟದ ಮಣಿಗಳು, ಕಿವಿಯ ಬಳಿಯ ಕೂದಲು, ಕೆನ್ನೆ, ಉಡುಪಿನ ಕಸೂತಿ ನೋಡಿ. ಎಡ್ವರ್ಡ್‌ಗೆ ಕಿರೀಟವಿಲ್ಲ, ಅವನ ಕಿವಿ ಮತ್ತು ಹುಬ್ಬು ನೋಡಿದರೆ ಸಾಕು. ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಪುಟ್ಟ ಆನೆಯೊಂದಿದೆ. 1911ರ ಅಚ್ಚಿನಲ್ಲಿ ಅದು ಹಂದಿಯಂತೆ ಕಂಡಿತೆಂದು ಗಲಾಟೆಯಾಗಿ, ಮುಂದಿನ ವರ್ಷ ತಿದ್ದಬೇಕಾಯಿತು. ಆನೆಯ ಸೊಂಡಿಲು ಸ್ಪಷ್ಟವಾಗಿದ್ದರೆ ನಾಣ್ಯ ಚೆನ್ನಾಗಿದೆ ಎಂದೇ ಅರ್ಥ. ಖೆಡ್ಡಾ ಕಂಡ ಕಾಕನಕೋಟೆಯ ಕಡೆಯವರಿಗೆ ಆನೆ ಗುರುತಿಸಲು ಕಲಿಸಬೇಕಾಗಿಲ್ಲ!

ಕೈಯಿಂದ ಬಡಿದ ನಾಣ್ಯಗಳ ವಿಚಾರ ಬೇರೆ. ಟಿಪ್ಪು ಪಟ್ಟಣದ ಟಂಕಸಾಲೆಯಲ್ಲಿ ಹೊರಡಿಸಿದ ಇಮಾಮಿ ಎಂಬ ರೂಪಾಯಿ, ಮುಮ್ಮಡಿಯವರ ಕಾಲದಲ್ಲಿ ಷಾ ಆಲಂ ಹೆಸರಿನಲ್ಲಿ ಹೊರಟ ಪಾರಸಿ ಲಿಪಿಯ ರೂಪಾಯಿ ಸುತ್ತಿಗೆಯ ಪೆಟ್ಟಿನಿಂದ ಅಚ್ಚಾದವು. ಇಂಥ ನಾಣ್ಯಗಳಲ್ಲಿ ಎಷ್ಟೋ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದು. ಬರಹ ಪೂರ್ತಿ ಮೂಡದು. ಒಂದು ಬದಿಯ ಅಕ್ಷರ ಇಲ್ಲವೆಂದ ಮಾತ್ರಕ್ಕೆ ಅದನ್ನು ಸವಕಲು ಎನ್ನುವಂತಿಲ್ಲ. ಮೂಡಿರುವ ಅಕ್ಷರದ ಅಂಚು ಚೂಪಾಗಿದೆಯೇ ಎಂಬುದೇ ಪ್ರಶ್ನೆ. ಚೂಪಾಗಿದ್ದರೆ ಅದು ಪೆಟ್ಟಿನ ಕೊರತೆ. ಎಲ್ಲ ಕಡೆ ಸಮನಾಗಿ ನುಣುಪಾಗಿದ್ದರೆ ಕೈಯಿಂದ ಕೈಗೆ ಸಾಗಿದ ಸವೆತ. ನುರಿತವರೂ ಇಲ್ಲಿ ಎಡವುತ್ತಾರೆ.

ಇನ್ನು ತೊಳೆದ ನಾಣ್ಯ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆಲ್ಲ ಕೂದಲೆಳೆಯಂಥ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಮಾತ್ರ ಉಳಿದ ಕಪ್ಪು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ. ಆ ತೆಳು ಪದರ ಕೊಳೆಯಲ್ಲ. ನಾಣ್ಯದ ಮೂಲ ಮೈ ಇನ್ನೂ ಕೆಡದೆ ಇದೆ ಎಂಬುದಕ್ಕೆ ಸಾಕ್ಷಿ. ಉಜ್ಜಿದ ನಾಣ್ಯಕ್ಕೆ ಗ್ರೇಡಿಂಗ್ ಸಂಸ್ಥೆಗಳು ಸಾಮಾನ್ಯವಾಗಿ ಅಂಕವನ್ನೇ ಕೊಡದೆ, ‘ತೊಳೆದದ್ದು’ ಎಂದು ಬರೆದುಬಿಡುತ್ತವೆ. ಕಾಸಿನ ಸರಕ್ಕೆ ಕೊಂಡಿ ಬೆಸೆದು ಆಮೇಲೆ ಬಿಚ್ಚಿದ ರೂಪಾಯಿಯ ಗತಿಯೂ ಅಷ್ಟೇ. ಅಂಚಿನ ಗೆರೆಗಳ ನಡುವೆ ಬೆಸುಗೆಯ ಗುರುತು ಸಿಕ್ಕೇ ಸಿಗುತ್ತದೆ. ಅಂಚಿನ ಸುತ್ತ ಸೇರುಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿ, ತೂಕದಲ್ಲಿ ಕೊರತೆ ಕಂಡರೆ ಎರಕದ ನಕಲಿ ಇರಬಹುದು.

ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚ್ಯವಸ್ತು. ಗ್ರೇಡಿಂಗ್‌ಗೆಂದು ಅದನ್ನು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸುವಂತಿಲ್ಲ. ಹೊಲ ಉಳುವಾಗ ಮಡಕೆ ಸಿಕ್ಕಿದರೆ ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕು.

ಪೂಜೆಗೆ ಬೇಕೇಬೇಕೆಂದರೆ ತೀರಾ ಸವೆದ ಒಂದೆರಡನ್ನು ಬೇರೆ ಮಾಡಿ, ಅವಕ್ಕೆ ಎಷ್ಟಾದರೂ ಹುಣಸೆ ಹಚ್ಚಲಿ. ಉಳಿದವನ್ನು ಒಂದೊಂದಾಗಿ ಬಿಳಿ ಕಾಗದದ ಲಕೋಟೆಯಲ್ಲಿ, ತೇವ ತಾಗದ ಕಡೆ ಇಡಿ. ಪತ್ರಿಕೆಯ ಹಾಳೆಯಲ್ಲಿ ಮಾತ್ರ ಸುತ್ತಬೇಡಿ. ಬೆಳ್ಳಿ ಇನ್ನಷ್ಟು ಬೇಗ ಕಪ್ಪಾಗುತ್ತದೆ.