ನಡುವಿನ ದಣಿವು, ಕಾಲಿನ ನಡೆ

ಪಂದ್ಯದ ಕೊನೆಯ ನಿಮಿಷಗಳಲ್ಲಿ ಕಬಡ್ಡಿ ಆಟಗಾರನ ಹೆಜ್ಜೆ ತಪ್ಪಿದಾಗ ಕಾಲು ಸೋತಿತೆಂದು ನೋಡುಗರೂ ತರಬೇತುದಾರರೂ ಹೇಳುವುದುಂಟಾದರೂ, ಆ ಸೋಲಿನ ಮೂಲ ಎಷ್ಟೋ ಸಲ ಕಾಲಿನಲ್ಲಿರದೆ ನಡುವಿನಲ್ಲಿರುತ್ತದೆ. ಕ್ರೀಡಾವಿಜ್ಞಾನ ಕೋರ್ ಎಂದು ಕರೆಯುವುದು ಈ ನಡುವಿನ ಸ್ನಾಯುಗಳ ಕೂಟವನ್ನೇ. ಅದನ್ನೊಂದು ಪೆಟ್ಟಿಗೆಯೆಂದು ಭಾವಿಸಿದರೆ, ಎದೆಗೂಡಿಗೂ ಹೊಟ್ಟೆಗೂ ನಡುವೆ ಹರಡಿಕೊಂಡು ಉಸಿರಾಟವನ್ನು ನಡೆಸುವ ವಪೆ ಅದರ ಮುಚ್ಚಳ, ಕಿಬ್ಬೊಟ್ಟೆಯನ್ನು ಕೆಳಗಿನಿಂದ ಹೊತ್ತಿರುವ ಶ್ರೋಣಿಸ್ನಾಯುಗಳು ತಳ, ಹೊಟ್ಟೆಯ ಸ್ನಾಯುಪದರಗಳು ಮುಂದಿನ ಮತ್ತು ಪಕ್ಕದ ಗೋಡೆ, ಬೆನ್ನೆಲುಬಿಗೆ ಅಂಟಿದ ಸ್ನಾಯುಗಳು ಹಿಂದಿನ ಗೋಡೆ. ತಲೆ, ತೋಳು, ಮುಂಡಗಳು ಸೇರಿ ದೇಹತೂಕದ ಸುಮಾರು ಮೂರರಲ್ಲಿ ಎರಡು ಪಾಲಾಗುವುದರಿಂದ, ಕಾಲು ಎತ್ತಿಟ್ಟಾಗಲೆಲ್ಲ ಆ ಭಾರ ಓಲದಂತೆ ಹಿಡಿದಿಡುವ ಹೊಣೆ ಈ ಪೆಟ್ಟಿಗೆಯದು. ಕೆಲಸಕ್ಕೆ ಅಣಿಯಾಗುವುದನ್ನು ನಡುಕಟ್ಟಿ ನಿಲ್ಲುವುದು ಎನ್ನುವ ಕನ್ನಡದ ನುಡಿಗಟ್ಟು ಶರೀರಶಾಸ್ತ್ರದ ದೃಷ್ಟಿಯಿಂದಲೂ ಸತ್ಯ: ಆಸ್ಟ್ರೇಲಿಯದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲನ್ನು ಆಡಿಸುವ ಸ್ನಾಯು ಚುರುಕಾಗುವ ಮುನ್ನವೇ ಹೊಟ್ಟೆಯ ಅತ್ಯಂತ ಒಳಪದರವಾದ ಅಡ್ಡಸ್ನಾಯು ಸೊಂಟಪಟ್ಟಿಯಂತೆ ಬಿಗಿದುಕೊಳ್ಳುವುದು ಕಂಡುಬಂತು.

ದಣಿವೆಂದರೆ ಇಲ್ಲಿ ಬರಿಯ ಆಯಾಸದ ಅನುಭವವಲ್ಲ, ಬೇಕಾದಷ್ಟು ಬಲವನ್ನು ಬೇಕಾದಷ್ಟು ಹೊತ್ತು ಒದಗಿಸಲು ಸ್ನಾಯುವಿಗೆ ಆಗದಿರುವ ಸ್ಥಿತಿ. ನಡು ದಣಿದೊಡನೆ ಕಾಲಿನ ಬಲವೂ ಕುಂದುತ್ತದೆಂಬ ಎಣಿಕೆ ಸಹಜವಾದರೂ ಪೂರ್ತಿ ಸರಿಯಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸೈಕಲ್ ಸ್ಪರ್ಧಿಗಳ ಕೋರ್ ಸ್ನಾಯುಗಳನ್ನು ಬೇಕೆಂದೇ ದಣಿಸಿ ನೋಡಿದಾಗ, ಪೆಡಲಿನ ಮೇಲೆ ಬೀಳುವ ಬಲ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಬದಲಾದದ್ದು ಮಂಡಿಯ ದಾರಿ, ಅದು ಅಕ್ಕಪಕ್ಕಕ್ಕೆ ಮೊದಲಿಗಿಂತ ಹೆಚ್ಚು ಓಲಾಡತೊಡಗಿತ್ತು. ಅಂದರೆ ಕೆಲಸವೇನೋ ನಡೆಯುತ್ತದೆ, ಆದರೆ ಅದರ ಭಾರ ಹೊರಬಾರದ ಕೀಲಿನ ಮೇಲೆ ಬೀಳುತ್ತದೆ. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ 277 ಕ್ರೀಡಾಪಟುಗಳನ್ನು ಮೂರು ವರ್ಷ ಗಮನಿಸಿದ ಅಧ್ಯಯನವೂ ಪ್ರಕಟವಾಯಿತು. ಮುಂಡವನ್ನು ಹಿಡಿದಿದ್ದ ಬಲವನ್ನು ಥಟ್ಟನೆ ಬಿಟ್ಟಾಗ ಹೆಚ್ಚು ವಾಲಿದವರಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಮುಂದೆ ಮಂಡಿಗೆ ಪೆಟ್ಟಾಗುವ ಸಂಭವ ಹೆಚ್ಚೆಂದು ಅದು ತೋರಿಸಿತು.

ಕಬಡ್ಡಿಯಲ್ಲಿ ಈ ವಿಚಾರಕ್ಕೆ ಇನ್ನಷ್ಟು ತೂಕವಿದೆ, ಏಕೆಂದರೆ ಆಟದ ನಿಯಮವೇ ಆಟಗಾರನನ್ನು ಒಂಟಿಗಾಲಿನಲ್ಲಿ ನಿಲ್ಲಿಸುತ್ತದೆ. ಎದುರು ಆರಕ್ಕೆ ಕಡಿಮೆಯಿಲ್ಲದ ಆಟಗಾರರಿರುವಾಗ ಬೋನಸ್ ಅಂಕ ಬೇಕಾದರೆ, ದಾಳಿಗೆ ಹೋದ ಆಟಗಾರನ, ಅಂದರೆ ರೈಡರನ, ಒಂದು ಪಾದ ಬೋನಸ್ ಗೆರೆ ದಾಟಿ ನೆಲ ಮುಟ್ಟುವ ಹೊತ್ತಿಗೆ ಇನ್ನೊಂದು ಪಾದ ಗಾಳಿಯಲ್ಲಿರಬೇಕು. ಆ ಕ್ಷಣದಲ್ಲಿ ನಡು ಸಡಿಲವಾಗಿದ್ದರೆ ಮುಂಡ ಒಂದು ಕಡೆಗೆ ವಾಲುತ್ತದೆ, ಎತ್ತಿದ ಕಾಲಿನ ಕಡೆಯ ಸೊಂಟ ಕುಸಿಯುತ್ತದೆ, ಊರಿದ ಕಾಲಿನ ಮಂಡಿ ಒಳಕ್ಕೆ ಬಾಗುತ್ತದೆ, ಹಿಂದಕ್ಕೆ ಚಿಮ್ಮಬೇಕಾದ ತೊಡೆಯ ಬಲವೆಲ್ಲ ಬೀಳದಂತೆ ಸಾವರಿಸಿಕೊಳ್ಳುವುದರಲ್ಲೇ ಕರಗುತ್ತದೆ. ಇದೆಲ್ಲದರ ಜೊತೆಗೆ, 30 ಸೆಕೆಂಡುಗಳ ಆ ದಾಳಿಯುದ್ದಕ್ಕೂ ಕಬಡ್ಡಿ ಕಬಡ್ಡಿ ಎಂಬ ಉಲಿ ನಿಲ್ಲಬಾರದು. ಬೇರೆ ಆಟಗಳಲ್ಲಿ ಕಾಣದ ಈ ಕಟ್ಟುಪಾಡಿನಿಂದ ವಪೆಗೆ ಒಂದೇ ಹೊತ್ತಿಗೆ ಎರಡು ಚಾಕರಿ. ಉಸಿರಾಟದ ಒತ್ತಡ ಹೆಚ್ಚಿದಾಗ ವಪೆ ಮುಂಡವನ್ನು ಸ್ಥಿರವಾಗಿಡುವ ಕೆಲಸವನ್ನು ಕಡಿಮೆ ಮಾಡುತ್ತದೆಂದು ಹಾಡ್ಜಸ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದಾರೆ. ಗರಿಷ್ಠ ಶ್ರಮದಲ್ಲಿ ಉಸಿರಾಟದ ಸ್ನಾಯುಗಳ ಕೆಲಸ ಹೆಚ್ಚಿಸಿದಾಗ ಕಾಲುಗಳಿಗೆ ಹರಿಯುವ ರಕ್ತವೇ ಇಳಿಯುತ್ತದೆಂದು 1997ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ಕಂಡುಕೊಂಡಿದ್ದರು. ಇವೆರಡನ್ನೂ ಕೂಡಿಸಿ ನೋಡಿದರೆ, ದಾಳಿ ಮುಗಿಸಿ ಏದುಸಿರು ಬಿಡುತ್ತ ಮರಳಿದ ರೈಡರ್ ಮರುಕ್ಷಣವೇ ಎದುರಾಳಿಯ ಕಾಲು ಹಿಡಿಯಲು ಬಾಗುವ ಹೊತ್ತು ಅತ್ಯಂತ ಅಪಾಯದ ಹೊತ್ತೆಂದು ಭಾವಿಸಲು ಕಾರಣವಿದೆ.

ಅಭ್ಯಾಸದ ಕ್ರಮವೂ ಇಲ್ಲಿ ಮರುಚಿಂತನೆಗೆ ಒಳಗಾಗಬೇಕು. ಮೊಣಕೈ ಊರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಪ್ಲ್ಯಾಂಕ್ ವ್ಯಾಯಾಮ ಉಪಯುಕ್ತವೇ ಆದರೂ, ಒದೆತ, ಜಿಗಿತ, ತಿರುವುಗಳ ಅಭ್ಯಾಸಕ್ಕೆ ಮೊದಲು ಅದನ್ನು ನಡು ನಡುಗುವವರೆಗೆ ಮಾಡಿಸುವುದು ತಪ್ಪು. ಹಾಗೆ ಮಾಡಿಸಿದರೆ ಆಟಗಾರ ಓಲಾಡುವ ಮಂಡಿಯಿಂದಲೇ ಹೊಸ ವರಸೆಗಳನ್ನು ಕಲಿಯಬೇಕಾಗುತ್ತದೆ. ನಡುವನ್ನು ದಣಿಸುವ ವ್ಯಾಯಾಮಕ್ಕೆ ದಿನದ ಅಭ್ಯಾಸದ ಕೊನೆಯೇ ತಕ್ಕ ಜಾಗ. ದಣಿವು ಯಾವಾಗ ಶುರುವಾಯಿತೆಂದು ತಿಳಿಯಲು ಯಂತ್ರಗಳೂ ಬೇಕಿಲ್ಲ: ಹತ್ತನೆಯ ದಾಳಿಯಲ್ಲಿ ರೈಡರ್ ಒಂಟಿಗಾಲಿನಲ್ಲಿ ನಿಂತಾಗ ಅವನ ಚಡ್ಡಿಯ ಸೊಂಟಪಟ್ಟಿ ಮೊದಲ ದಾಳಿಯಲ್ಲಿದ್ದಂತೆ ನೆಲಕ್ಕೆ ಸಮವಾಗಿಯೇ ಇದೆಯೇ ಎಂದು, ಅಂಕಣದ ಹಿಂಬದಿಯಲ್ಲಿ ನಿಂತ ತರಬೇತುದಾರ ನೋಡಿದರೆ ಸಾಕು.