ಸೂಜಿಯ ಗುರಿ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡುನುಡಿಯ ಹಬ್ಬದ ದಿನ ಕೀಲುನೋವಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಈ ಸಭೆಗೆ ಬರಬೇಕೆಂಬ ಆಸೆಯಿದ್ದೂ ಮನೆಯಲ್ಲಿಯೇ ಉಳಿದ ಹಿರಿಯರನ್ನು ಒಮ್ಮೆ ನೆನೆದುಕೊಳ್ಳಿ. ಊರಿನಲ್ಲಿ ಜಗಲಿಯಿಂದ ಅಂಗಳಕ್ಕೆ ಇಳಿದರೆ ಸಾಕಾಗಿತ್ತು. ಇಲ್ಲಿ ಮೂರು ಅಂತಸ್ತು ಇಳಿಯಬೇಕು. ಅಂಥವರ ಮಂಡಿಗೆ ಸೂಜಿಮದ್ದು ಹಾಕಬೇಕೆಂದು ವೈದ್ಯರು ಹೇಳಿದಾಗ ಮನೆಯವರೆಲ್ಲ ಕೇಳುವುದು, "ಇದರಿಂದ ವಾಸಿಯಾಗುತ್ತದೆಯೇ?" ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: "ಔಷಧ ಸೇರಬೇಕಾದ ಜಾಗವನ್ನು ಸೇರುತ್ತದೆಯೇ?" ಈ ಎರಡನೆಯ ಪ್ರಶ್ನೆಯ ಬಗೆಗೆ ನಾಲ್ಕು ಮಾತು ಹೇಳಬಯಸುತ್ತೇನೆ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ರೋಗಿಗೆ ಕಾರ್ಟಿಸೋನನ್ನು ಮೊದಲ ಬಾರಿಗೆ ಕೊಟ್ಟರು. ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಈ ಮೂವರಿಗೆ 1950ರ ನೊಬೆಲ್ ಬಹುಮಾನ ಬಂದಿತು. ಆದರೆ ಈ ಬಗೆಯ ಔಷಧವನ್ನು ಮೈಗೆಲ್ಲ ಹರಡುವಂತೆ ಬಹುಕಾಲ ಕೊಟ್ಟರೆ ಉಪದ್ರವಗಳೂ ಬಹಳ. ನೋವಿರುವ ಕೀಲಿಗಷ್ಟೇ ಕೊಟ್ಟರೆ ಹೇಗೆ? 1951ರಲ್ಲಿ ಜೋಸೆಫ್ ಹಾಲಂಡರ್ ಮತ್ತು ಸಂಗಡಿಗರು ಹೈಡ್ರೊಕಾರ್ಟಿಸೋನನ್ನು ಕೀಲಿನೊಳಕ್ಕೇ ಕೊಟ್ಟ ಅನುಭವವನ್ನು ಪ್ರಕಟಿಸಿದರು. ಇಂದು ನಡೆಯುವ ಚಿಕಿತ್ಸೆಗೆ ಅದೇ ಬುನಾದಿ.

ಕೀಲಿನ ಒಳಾವರಣವೆಂದರೆ ವಿಶಾಲವಾದ ಕೋಣೆಯಲ್ಲ. ನೀರು ತುಂಬಿ ಊದಿಕೊಂಡ ಮಂಡಿಯಲ್ಲಿ ಜಾಗ ಸಿಕ್ಕುವುದು ಸುಲಭ. ಒಣಗಿದಂತಿರುವ ಮಂಡಿಯಲ್ಲಿ ಕಷ್ಟ. 1993ರಲ್ಲಿ ಬ್ರಿಟನ್ನಿನ ವೈದ್ಯರು ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಔಷಧದೊಡನೆ ಬೆರೆಸಿ, ಚುಚ್ಚಿದ ಮೇಲೆ ಚಿತ್ರ ತೆಗೆದು ನೋಡಿದರು. ವಿವಿಧ ಕೀಲುಗಳಿಗೆ ಹಾಕಿದ ಸೂಜಿಗಳಲ್ಲಿ ಗುರಿ ಮುಟ್ಟಿದ್ದು ಸುಮಾರು ಅರ್ಧದಷ್ಟು ಮಾತ್ರ!

ಯಾವ ದಾರಿಯಿಂದ ಸೂಜಿ ಹೋಗಬೇಕೆಂಬುದೂ ಮುಖ್ಯ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಒಬ್ಬರೇ ಶಸ್ತ್ರವೈದ್ಯರು ನೀರಿಲ್ಲದ ಮಂಡಿಗಳಿಗೆ 240 ಸಲ ಚುಚ್ಚಿದರು. ಕಾಲು ನೀಡಿಸಿ, ಮಂಡಿಚಿಪ್ಪಿನ ಹೊರಬದಿಯ ನಡುವಿನಿಂದ ಹೋದಾಗ ನೂರಕ್ಕೆ 93 ಸಲ ಸರಿಯಾಯಿತು. ಮಂಡಿ ಮಡಿಸಿ ಮುಂಭಾಗದಿಂದ ಹೋದಾಗ ಒಳಬದಿಯ ದಾರಿಯಲ್ಲಿ 75, ಹೊರಬದಿಯ ದಾರಿಯಲ್ಲಿ 71. ವೈದ್ಯರೂ ಅವರೇ, ಸೂಜಿ ಹಿಡಿದ ಕೈಯೂ ಅದೇ. ದಾರಿ ಮಾತ್ರ ಬೇರೆ.

ಈಗ ಅಲ್ಟ್ರಾಸೌಂಡ್ ಯಂತ್ರದ ನೆರವಿದೆ. ಶಬ್ದತರಂಗಗಳ ಮೂಲಕ ಸೂಜಿ ಒಂದು ಬೆಳ್ಳನೆಯ ಗೆರೆಯಾಗಿ ತೆರೆಯ ಮೇಲೆ ಕಾಣುತ್ತದೆ. 2010ರ ಒಂದು ಅಧ್ಯಯನದಲ್ಲಿ ಅನುಭವಿಗಳಾದ ಹಿರಿಯರು ಕೈಯಂದಾಜಿನಿಂದ ನೂರಕ್ಕೆ 66 ಸಲ ಗುರಿ ಮುಟ್ಟಿದರೆ, ಇನ್ನೂ ಕಲಿಯುತ್ತಿದ್ದ ವೈದ್ಯರೊಬ್ಬರು ಯಂತ್ರ ನೋಡಿಕೊಂಡು 83 ಸಲ ಮುಟ್ಟಿದರು. ಯಂತ್ರ ನೋಡುವುದು ವೈದ್ಯರ ಕೈಗುಣಕ್ಕೆ ಕುಂದಲ್ಲ. ಆಳದಲ್ಲಿರುವ, ದೊಡ್ಡ ರಕ್ತನಾಳಗಳ ನೆರೆಯಲ್ಲಿರುವ ತೊಡೆಯ ಬುಡದ ಕೀಲಿಗಂತೂ ಅದು ಅಗತ್ಯವೇ ಸರಿ.

ಆದರೂ ಯಂತ್ರವೇ ಸರ್ವಸ್ವವೆಂದು ಭಾವಿಸಬಾರದು. ಅದೇ ಅಧ್ಯಯನದಲ್ಲಿ ಔಷಧ ಸರಿಯಾದ ಜಾಗಕ್ಕೆ ಸೇರಿದವರ ಕೀಲಿನ ಕೆಲಸ ಆರು ವಾರಗಳಲ್ಲಿ ಹೆಚ್ಚು ಸುಧಾರಿಸಿತಾದರೂ, ಯಂತ್ರದ ಗುಂಪಿಗೂ ಕೈಯಂದಾಜಿನ ಗುಂಪಿಗೂ ಒಟ್ಟಿನಲ್ಲಿ ಗಣನೀಯ ಅಂತರ ಕಾಣಲಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ಸಂಗತಿಯಿದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಂತೆ ಈ ಯಂತ್ರವನ್ನು ನೋಂದಾಯಿತ ಸ್ಥಳದಲ್ಲಿಯೇ ಬಳಸಬೇಕು, ನೋಡುವುದು ಮಂಡಿಯನ್ನೇ ಆದರೂ. ಆದುದರಿಂದ ಮೂಳೆವೈದ್ಯರ ಕೋಣೆಯಲ್ಲಿ ಅದು ಇಲ್ಲದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಬೇರೆ ವಿಭಾಗಕ್ಕೆ ಕಳುಹಿಸುವಿರಾ ಎಂದು ವಿನಯದಿಂದ ಕೇಳಬಹುದು.

ಇನ್ನು ನಮ್ಮ ಪಾಲಿನ ಕೆಲಸ. ಸೂಜಿಗೆ ಗುರಿ ತೋರಿಸುವ ಮೊದಲನೆಯ ಉಪಕರಣ ರೋಗಿಯ ಮಾತು. ಮಂಡಿಯ ಒಳಬದಿಯಲ್ಲಿ, ಕೀಲಿಗಿಂತ ಎರಡು ಮೂರು ಬೆರಳು ಕೆಳಗೆ ನೋವಿದ್ದರೆ ಅದು ಕೀಲಿನದೇ ಅಲ್ಲದಿರಬಹುದು, ಅಲ್ಲಿನ ಸ್ನಾಯುರಜ್ಜುಗಳಡಿಯ ಸಣ್ಣ ಚೀಲದ್ದಿರಬಹುದು. ತೊಡೆಯ ಬುಡದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಆಗ ಮಂಡಿಗೆ ಎಷ್ಟು ನಿಖರವಾಗಿ ಚುಚ್ಚಿದರೇನು ಪ್ರಯೋಜನ?

ನಮ್ಮ ತಾಯಂದಿರು ಕನ್ನಡದಲ್ಲಿ ಎಷ್ಟು ಬಗೆಯಾಗಿ ಹೇಳುತ್ತಾರೆ! ಚಳಕು, ಸೆಳೆತ, ಉರಿ, ಜೋಮು, ಕಟಕಟ ಶಬ್ದ. "ಏಳುವಾಗ ಹಿಡಿದುಕೊಳ್ಳುತ್ತದೆ, ನಾಲ್ಕು ಹೆಜ್ಜೆ ನಡೆದರೆ ಬಿಡುತ್ತದೆ" ಎನ್ನುತ್ತಾರೆ. ಜೊತೆಗೆ ಹೋದ ಮಗನೋ ಸೊಸೆಯೋ ಪರಭಾಷೆಯಲ್ಲಿ ವೈದ್ಯರಿಗೆ ಹೇಳುವುದು ಮಾತ್ರ, "ಮಂಡಿ ನೋವಂತೆ" ಎಂದು! ಹಾಗೆ ಮಾಡಬೇಡಿ. ಮೈಸೂರಿನವರು ಮಂಡಿಯೆನ್ನಲಿ, ಧಾರವಾಡದವರು ಮೊಣಕಾಲೆನ್ನಲಿ, ಒಂದೇ ಬೆರಳಿನಿಂದ ಜಾಗ ತೋರಿಸಲಿಕ್ಕೆ ಹೇಳಿ. ಮಾತನ್ನು ಮೊಟಕು ಮಾಡದೆ ಪೂರ್ತಿಯಾಗಿ ದಾಟಿಸಿ. ಮಧುಮೇಹವಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಈ ಔಷಧದಿಂದ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನೂ ಹೇಳಿ. ಸೂಜಿ ಹಾಕಿದ ಮೇಲೆ ಜ್ವರ ಬಂದು ಕೀಲು ಕೆಂಪಾಗಿ ಊದಿದರೆ ಅಂದೇ ವೈದ್ಯರನ್ನು ಕಾಣಿ.

ಮೇಲಿಂದ ಮೇಲೆ ಸೂಜಿ ಬೇಕೆಂದು ಹಟ ಹಿಡಿಯುವುದೂ ಸಲ್ಲದು. 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 140 ಜನರಿಗೆ ಎರಡು ವರ್ಷ, 12 ವಾರಕ್ಕೊಮ್ಮೆ, ಮಂಡಿಯೊಳಕ್ಕೆ ಸೂಜಿ ಹಾಕಿದರು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರಿಯ ಉಪ್ಪುನೀರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧ ಪಡೆದವರ ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು. ಸೂಜಿಮದ್ದು ನೋವನ್ನು ಕೆಲಕಾಲ ತಗ್ಗಿಸಿ ನಡೆಯಲು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಲು ಅವಕಾಶ ಕೊಡುತ್ತದೆ. ಆ ಅವಕಾಶವನ್ನು ಬಳಸಿಕೊಳ್ಳಬೇಕು.

ಮನೆಯ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಹಿಂದಿನ ರಾತ್ರಿ ಕಾಲುಗಂಟೆ ಅವರ ಪಕ್ಕದಲ್ಲಿ ಕುಳಿತು, ನೋವು ಎಲ್ಲಿ, ಯಾವಾಗ, ಹೇಗೆ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿರೆಂದು ಪ್ರಾರ್ಥಿಸುತ್ತೇನೆ.